ಚುಕ್ಕೆ ಅಂದರೆ ಸಾಕು

ನಮ್ಮ ಸ್ಟುಡಿಯೋದಲ್ಲಿ ಫೋಟೋ ತೆಗೆಯುವವರು ಚಿಕ್ಕಪ್ಪ, ಮುಖ ತೊಳೆಯುವವಳು ಚಿಕ್ಕಮ್ಮ. ತೊಳೆಯುವುದು ನೀರಿನಿಂದಲ್ಲ. ಮೊಡವೆ, ಮಚ್ಚೆ, ಕಾಲರಿನ ಕಲೆ, ಲೆನ್ಸಿನ ಧೂಳು ಎಲ್ಲವನ್ನೂ ಫೋಟೋದಿಂದ ಅಳಿಸುವುದು ಮೂವತ್ತು ವರ್ಷಗಳಿಂದ ಅವಳ ಕೆಲಸ. ಮೊದಲು ಪೆನ್ಸಿಲ್ಲು, ಬ್ಲೇಡಿನಲ್ಲಿ ಮಾಡುತ್ತಿದ್ದಳು, ಈಗ ಮೌಸಿನಲ್ಲಿ. ಚಿಕ್ಕಪ್ಪ ಅವಳ ಹಿಂದೆ ನಿಂತು ಪರದೆ ನೋಡಿ "ಚುಕ್ಕೆ" ಅನ್ನುತ್ತಾರೆ. ಅವರು ಬಾಯಿ ಮುಚ್ಚುವುದರೊಳಗೆ ಚುಕ್ಕೆ ಮಾಯ. ಎಲ್ಲಿ, ಯಾವುದು ಎಂದು ಇವಳು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಫೋಟೋ ಕತ್ತರಿಸಿ ಕವರಿಗೆ ಹಾಕುವವಳು ನಾನು. ಎಷ್ಟೋ ಜನ ಕವರು ಬಿಚ್ಚಿ "ಇದು ನಾನೇನಾ?" ಎಂದು ಕೇಳಿದ್ದಾರೆ. ನನಗೂ ಅದೇ ಅನುಮಾನ, ಆದರೆ ಹೊಟ್ಟೆಪಾಡು ನೋಡಿ, ಸುಮ್ಮನಿರುತ್ತೇನೆ.

ಇಂಥ ಚಿಕ್ಕಮ್ಮನ ತಲೆ ಕೆಟ್ಟದ್ದು ಒಂದು ಚುಕ್ಕೆಯಿಂದಲೇ. ಯಾರದೋ ತಾತನ ಹಳೆಯ ಕಾಗದದ ಫೋಟೋವನ್ನು ಕೈಯಲ್ಲೇ ಸರಿಮಾಡುತ್ತಿದ್ದಳು. ತಾತನ ಕೆನ್ನೆಯ ಮೇಲಿದ್ದ ಚುಕ್ಕೆಗೆ ಬಣ್ಣ ಹಚ್ಚಲು ಬ್ರಶ್ಶು ತಂದರೆ, ಚುಕ್ಕೆ ನಡೆದುಕೊಂಡು ಹೋಗಿ ಮೂಗಿನ ಮೇಲೆ ಕೂತಿತು!

"ಅಯ್ಯಯ್ಯೋ, ಬಾರೇ ಇಲ್ಲಿ! ಇದಕ್ಕೆ ಕಾಲಿದೆ!" ಎಂದು ಕೂಗಿದಳು. ಭೂತಗನ್ನಡಿ ಹಿಡಿದು ನೋಡಿದೆವು. ಕಾಲಷ್ಟೇ ಅಲ್ಲ, ಮೀಸೆಯೂ ಇತ್ತು. ಒಂದು ವಾಕ್ಯದ ಕೊನೆಗೆ ಇಡುವ ಚುಕ್ಕೆಯಷ್ಟು ಜೀವ, ಅದಕ್ಕೆ ಎಷ್ಟು ಗತ್ತು ಅಂತೀರಿ!

ಅಂದಿನಿಂದ ಚಿಕ್ಕಮ್ಮ ನಮ್ಮ ಕೈಗೆ ಸಿಗಲಿಲ್ಲ. ಮೂಲೆಗೆ ಬಿದ್ದಿದ್ದ ಹಳೆಯ ಲೆನ್ಸನ್ನು ಹಿಂದುಮುಂದಾಗಿ ಕ್ಯಾಮೆರಾಕ್ಕೆ ಕೂರಿಸಿದರೆ ಸಣ್ಣದು ದೊಡ್ಡದಾಗಿ ಕಾಣುತ್ತದೆಂದು ಕಂಡುಕೊಂಡಳು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ಅಂಗಡಿಯ ಹಿಂದೆ ಗೋಣಿಚೀಲ ಹಾಸಿ ಬೋರಲು ಮಲಗುವಳು. ಅಲ್ಲಿ ನೀರಿನ ಕೊಳವೆಯ ಬುಡದಲ್ಲಿ ಅಂಗೈಯಗಲ ಪಾಚಿ. ಅದು ಅವಳಿಗೆ ಕಾಡು. ಪಾಚಿಯ ತುದಿಯ ಒಂದು ಹನಿಯಲ್ಲಿ ನಮ್ಮ ಬೀದಿ ಪೂರ್ತಿ ತಲೆಕೆಳಗಾಗಿ ನಿಂತಿದ್ದ ಫೋಟೋವನ್ನು ಅವಳು ತೋರಿಸಿದ ದಿನ ನನ್ನ ಮೈ ಜುಮ್ಮೆಂದಿತು.

ಚಿಕ್ಕಪ್ಪ ಮಾತ್ರ ನಕ್ಕರು. "ನಮ್ಮ ಇವಳು ಕಡ್ಡೀನ ಗುಡ್ಡ ಮಾಡ್ತಾಳೆ ಅಂತ ಗೊತ್ತಿತ್ತು, ಅದರ ಫೋಟೋನೂ ತೆಗೀತಾಳೆ ಅಂತ ಗೊತ್ತಿರ್ಲಿಲ್ಲ." ಅವರಿಗೆ ಹೆಂಡತಿ ಎಂದರೆ 'ಇವಳು', ಕರೆಯುವಾಗ 'ಏ ಇವಳೇ'. ಅದರಾಚೆ ಅವಳಿಗೊಂದು ಹೆಸರಿದೆ ಎಂಬುದು ಅವರಿಗೆ ನೆನಪಿತ್ತೋ ಇಲ್ಲವೋ. ನನಗೆ ಮೂಗಿನ ತುದಿಯಲ್ಲೇ ಕೋಪ, ಏನೋ ಅನ್ನಲು ಹೊರಟೆ. ಚಿಕ್ಕಮ್ಮ ಕಣ್ಣು ಸನ್ನೆ ಮಾಡಿ ತಡೆದಳು.

ಅಷ್ಟರಲ್ಲಿ ಹೊಸ ಗ್ರಂಥಾಲಯದವರ ಪ್ರಕಟಣೆ ಬಂತು. ಅವರ ಒಳಗೋಡೆಗೆ ಹತ್ತಡಿ ಎತ್ತರದ ಒಂದೇ ಒಂದು ಚಿತ್ರ ಬೇಕು. ದೊಡ್ಡದು, ಸಣ್ಣದು ಎರಡೂ ಒಂದೇ ಚಿತ್ರದಲ್ಲಿರಬೇಕು. ಕೆಳಗೆ ತೆಗೆದವರ ಹೆಸರು ಇರುತ್ತದೆ. ಚಿಕ್ಕಮ್ಮ ಕೊನೆಯ ಸಾಲನ್ನು ಎರಡು ಸಲ ಓದಿದಳು.

"ನನ್ನ ಕೆಲಸ ಯಾರಿಗೂ ಕಾಣಬಾರದು ಕಣೇ, ಕಂಡ್ರೆ ಅದು ಕೆಟ್ಟ ಕೆಲಸ," ಅಂದಳು. "ಅಂಗಡಿ ಬೋರ್ಡಲ್ಲೂ ಅವರ ಹೆಸರು, ಫೋಟೋ ಹಿಂದಿನ ಸೀಲಲ್ಲೂ ಅವರ ಹೆಸರು. ಒಂದೇ ಒಂದು ಕಡೆ ನನ್ನ ಹೆಸರೂ ಇರ್ಲಿ ಅಂತ ಆಸೆ." ಅವಳ ಕಣ್ಣುಗಳು ತುಂಬಿದ್ದವು. ನನ್ನವೂ.

ಹದಿನೇಳು ದಿನ ಒದ್ದಾಡಿ ತೆಗೆದಳು. ಪಾಚಿಯ ಮೇಲೆ ಬಿದ್ದಿದ್ದ ಬೆರಳುದ್ದದ ಕಡ್ಡಿ, ನಿಜವಾಗಿಯೂ ಗುಡ್ಡದಂತೆ! ಅದರ ನೆತ್ತಿಯಲ್ಲಿ ಅಂಥದೇ ಒಂದು ಮೀಸೆಯ ಹುಳ, ಗುಡ್ಡ ತನ್ನದೇ ಎಂಬಂತೆ. ಚಿಕ್ಕಪ್ಪನಿಗೆ ತೋರಿಸಿರಲಿಲ್ಲ, ಹಾಸ್ಯ ಮಾಡುತ್ತಾರೆಂದು.

ಕೊನೆಯ ದಿನ ಮಧ್ಯಾಹ್ನ ಮೂರು. ಐದಕ್ಕೆ ಗಡುವು. ಚಿಕ್ಕಮ್ಮ ಚಿತ್ರವನ್ನು ಪರದೆಯಲ್ಲಿ ತೆರೆದು ಅಳತೆ ಹೊಂದಿಸುತ್ತಿದ್ದಳು. ಚಿಕ್ಕಪ್ಪ ಎಂದಿನಂತೆ ಹಿಂದೆ ಬಂದು ನಿಂತರು. ಇಣುಕಿ ನೋಡಿದರು. ಅವರ ಮುಖ ಅರಳಿತು.

"ಏ ಇವಳೇ, ಯಾವ ಗುಡ್ಡ ಇದು? ಭಲೇ!" ಅಂದವರು, ಪಾಪ, ಒಳ್ಳೆಯದನ್ನೇ ಬಯಸಿ, ಕಣ್ಣು ಕಿರಿದು ಮಾಡಿ ಅಂದರು: "ಚುಕ್ಕೆ."

ಟಿಕ್. ಅಳಿಸಿಹೋಯಿತು. ಟಿಕ್. ಸೇವ್ ಆಯಿತು. ಟಿಕ್. ಮುಚ್ಚಿತು. ಮೂವತ್ತು ವರ್ಷದ ಕೈ, ತಲೆಯನ್ನು ಕೇಳಲಿಲ್ಲ.

ಆಮೇಲೆ ಚಿಕ್ಕಮ್ಮ ತನ್ನ ಬಲಗೈಯನ್ನೇ ಬೇರೆ ಯಾರದೋ ಎಂಬಂತೆ ನೋಡಿದಳು. ಆ ಚಿತ್ರಕ್ಕೆ ಇನ್ನೊಂದು ಪ್ರತಿ ಇರಲಿಲ್ಲ. ಬೆಳಿಗ್ಗೆಯಷ್ಟೇ ಕ್ಯಾಮೆರಾದ ಮೆಮೊರಿ ಕಾರ್ಡನ್ನು ನಾನೇ ಖಾಲಿಮಾಡಿ ಕಾರ್ಖಾನೆಯವರ ಗುರುತಿನ ಚೀಟಿಯ ಫೋಟೋಗಳಿಗೆ ಕೊಟ್ಟಿದ್ದೆ. ಉಳಿದದ್ದು ಬರೀ ಗುಡ್ಡ.

"ಅದು ಚುಕ್ಕೆ ಅಲ್ಲ ಚಿಕ್ಕಪ್ಪ! ಅದೇ ಚಿತ್ರ!" ಎಂದು ಕಿರುಚಿದೆ.

ವಿಷಯ ತಿಳಿದಾಗ ಅವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅಂಗಡಿಯ ಬಾಗಿಲು ಅರ್ಧ ಎಳೆದು ಹಿಂದಕ್ಕೆ ಓಡಿದರು. ಮಂಡಿನೋವಿನ ಮನುಷ್ಯ ಪಾಚಿಯ ಮುಂದೆ ನಾಲ್ಕು ಕಾಲಿನಲ್ಲಿ! ನಾನು ಬೆಳಕು ಚೆಲ್ಲಲು ಬಿಳಿ ಥರ್ಮಾಕೋಲ್ ಹಿಡಿದೆ. ಚಿಕ್ಕಮ್ಮ ಕ್ಯಾಮೆರಾ ಹಿಡಿದು ಬೋರಲು ಬಿದ್ದಳು. ಮೂರೂವರೆ. ನಾಲ್ಕು. ಒಂದು ಹುಳವೂ ಇಲ್ಲ.

"ಸಿಕ್ತು!" ಎಂದು ಭೂತಗನ್ನಡಿ ಹಿಡಿದಿದ್ದ ಚಿಕ್ಕಪ್ಪ ಕೂಗಿದರು. "ಮೀಸೆ ಇದೆ ಕಣೇ ಇದಕ್ಕೆ! ನೋಡು, ಮೀಸೆ ತೀಡ್ತಾ ಇದೆ!"

ಅವರ ಉಸಿರು ತಾಕಿದ್ದೇ ತಡ, ಹುಳ ಟಣ್ಣನೆ ಹಾರಿ ಕಣ್ಮರೆಯಾಯಿತು. ನಾನು ಬೈಯಲು ಬಾಯಿ ತೆರೆದೆ.

"ಅಲ್ಲಾಡಬೇಡಿ," ಎಂದಳು ಚಿಕ್ಕಮ್ಮ ಪಿಸುದನಿಯಲ್ಲಿ. "ನಿಮ್ಮ ಹೆಬ್ಬೆರಳಿನ ಮೇಲಿದೆ."

ಚಿಕ್ಕಪ್ಪ ಕಲ್ಲಾದರು. ಡಾರ್ಕ್‌ರೂಮಿನ ಕಾಲದ ರಾಸಾಯನಿಕಗಳಿಂದ ಕಂದಿದ ಹೆಬ್ಬೆರಳು, ಬಿರುಕುಬಿಟ್ಟ ಉಗುರು, ಅದರಡಿ ಆಗತಾನೇ ಸೇರಿದ ಮಣ್ಣು. ಉಗುರಿನ ಅಂಚಿನಲ್ಲಿ ಹುಳ, ಬೆಟ್ಟ ಹತ್ತಿ ದಣಿವಾರಿಸಿಕೊಳ್ಳುತ್ತಿರುವಂತೆ. ಚಿಕ್ಕಮ್ಮ ಹನ್ನೊಂದು ಸಲ ಒತ್ತಿದಳು. ಐದಕ್ಕೆ ಆರು ನಿಮಿಷವಿರುವಾಗ ಚಿತ್ರ ಗ್ರಂಥಾಲಯಕ್ಕೆ ಹೋಯಿತು. ಒಂದು ಕೂದಲೆಳೆಯನ್ನೂ ಅವಳು ಅಳಿಸಲಿಲ್ಲ.

ಎರಡು ತಿಂಗಳ ಮೇಲೆ ನಾವು ಮೂವರೂ ಆ ಗೋಡೆಯ ಮುಂದೆ ನಿಂತೆವು. ಹತ್ತಡಿಯ ಹೆಬ್ಬೆರಳು! ಚುಕ್ಕೆಯಷ್ಟಿದ್ದ ಹುಳ ಈಗ ನನ್ನ ಅಂಗೈಯಷ್ಟು. ಜನ ಕತ್ತೆತ್ತಿ ನೋಡುತ್ತಿದ್ದರು. ನನಗಂತೂ ಕುಣಿಯಬೇಕು ಅನ್ನಿಸಿತು. ಚಿಕ್ಕಪ್ಪ ಮಾತ್ರ ತಮ್ಮ ಉಗುರಿನ ಮಣ್ಣು ಊರಿಗೆಲ್ಲ ಕಾಣುತ್ತಿದೆಯೆಂದು ಕೈಯನ್ನು ಜೇಬಿಗೆ ತುರುಕಿಕೊಂಡಿದ್ದರು. ಮೆಲ್ಲಗೆ ಅಂದರು, "ಚುಕ್ಕೆ."

ಚಿಕ್ಕಮ್ಮನ ತೋರುಬೆರಳು ತಟಕ್ಕನೆ ಅಲುಗಿದ್ದನ್ನು ನಾನು ಕಂಡೆ. ಅವಳು ಅದನ್ನು ಎಡಗೈಯಲ್ಲಿ ಹಿಡಿದುಕೊಂಡಳು.

"ಇರ್ಲಿ ಬಿಡಿ," ಅಂದಳು ನಗುತ್ತಾ.

ಚಿಕ್ಕಪ್ಪ ಮಂಡಿ ಹಿಡಿದುಕೊಂಡು ಬಗ್ಗಿ, ಚಿತ್ರದ ಕೆಳಗಿದ್ದ ಸಣ್ಣ ಅಕ್ಷರಗಳತ್ತ ಕಣ್ಣು ಕಿರಿದು ಮಾಡಿದರು. ಚಿಕ್ಕಮ್ಮನ ಹೆಸರನ್ನು ಜೋರಾಗಿ ಓದಿದರು. ನನ್ನ ಜನ್ಮದಲ್ಲಿ ಅವರ ಬಾಯಿಂದ ಆ ಹೆಸರು ಕೇಳಿದ್ದು ಅದೇ ಮೊದಲು. ಪಕ್ಕದಲ್ಲಿದ್ದವರಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಓದಿದರು.