ಹತ್ತರಲ್ಲಿ ಎಷ್ಟು ಧೈರ್ಯ

ಮೇಡಂ ಅವರ ಬಲಗೈ ತೋರುಬೆರಳು ಮಡಚುತ್ತಿರಲಿಲ್ಲ. ಎಂದೋ ಬಾಗಿಲಿಗೆ ಸಿಕ್ಕಿ ಸೆಟೆದುಹೋದದ್ದಂತೆ. ಉಳಿದ ಬೆರಳುಗಳಲ್ಲೇ ಪೆನ್ಸಿಲ್ ಹಿಡಿದು ಅಂಕಿಗಳನ್ನು ದುಂಡಗೆ ಬರೆಯುತ್ತಿದ್ದರು. ಕರಾವಳಿಯವರು, ಗಂಡ ಕೋಲ್ಕತ್ತದಲ್ಲಿ ಬ್ಯಾಂಕಿನವರು. ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಳ್ಳುವ ನಮ್ಮಂಥವರ ಕೇಂದ್ರಕ್ಕೆ ವಾರಕ್ಕೆರಡು ದಿನ ಆಪ್ತಸಲಹೆಗಾರರಾಗಿ ಬರುತ್ತಿದ್ದರು.

ಅದೇ ಊರಿನ ಸಾಲ್ಟ್ ಲೇಕ್ ಬಡಾವಣೆಯಲ್ಲಿ ಕಂಪ್ಯೂಟರ್ ಕಂಪನಿಗಳು ಸಾಲಾಗಿ ಏಳುತ್ತಿದ್ದ ಕಾಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಕರ್ನಾಟಕದಿಂದ ಬಂದ ನಾನು ಅಲ್ಲಿ ಸ್ವಂತ ಇಡ್ಲಿ ಗಾಡಿ ಇಟ್ಟಿದ್ದೆ. ಕಾಯಿಲೆ ಬಂದ ಮೇಲೆ ಅದು ಹೆಂಡತಿಯ ಕೈಗೆ ಹೋಯಿತು. ಅಲ್ಲಿಗೆ ಮರಳುವುದೊಂದೇ ನನಗೆ ಬೇಕಿತ್ತು.

ಮೇಡಂ ಒಂದು ಹಾಳೆ ಕೊಟ್ಟರು. ಅಂಗಡಿಯವನನ್ನು ಮಾತಾಡಿಸಲು, ಬಸ್ಸು ಹತ್ತಲು, ಜನರ ನಡುವೆ ನಿಲ್ಲಲು ಎಷ್ಟು ಧೈರ್ಯವಿದೆ? ಸೊನ್ನೆಯಿಂದ ಹತ್ತರೊಳಗೆ ಬರೆಯಬೇಕು. ಸ್ವಂತ ಗಾಡಿ ನಡೆಸಿದವನನ್ನು ಇದೇನು ಕೇಳುವುದು ಎಂದು ಎಲ್ಲಕ್ಕೂ ಹತ್ತು ಹಾಕಿದೆ.

"ಎಲ್ಲ ಹತ್ತಾ? ನನಗೇ ಅಷ್ಟಿಲ್ಲ ಮಾರಾಯ್ರೆ," ಎಂದು ನಕ್ಕು, ಆಟೋದಲ್ಲಿ ನನ್ನ ಗಾಡಿಯ ಎದುರಿಗೇ ಕರೆದೊಯ್ದರು. ಗಿರಾಕಿಗಳ ಗುಂಪು ಕಂಡದ್ದೇ, ಆಟೋದ ಸರಳು ಹಿಡಿದವನು ಬಿಡಲಿಲ್ಲ. ಅಂಗಿ ಬೆವರಿನಲ್ಲಿ ತೊಯ್ದಿತು.

"ಇಳೀರಿ ಅಂತ ಹೇಳುದಿಲ್ಲ. ಈಗ ಎಷ್ಟು, ಅದು ಹೇಳಿ."

"ಒಂದು," ಎಂದೆ. ಮುಖ ಎತ್ತಲಾಗಲಿಲ್ಲ.

"ಈ ಒಂದು ಉಂಟಲ್ಲ, ಇದು ನನಗೆ ಸಾಕು. ಹತ್ತು ಇದ್ದವರಿಗೆ ನಾನು ಎಂತ ಮಾಡ್ಲಿಕ್ಕಾಗ್ತದೆ?"

ಮರುವಾರ ಗಾಡಿಯ ಹಿಂದೆ ಕೂತು ತಟ್ಟೆ ತೊಳೆದೆ. ಆಮೇಲೆ ಸಾಂಬಾರ್ ಬಡಿಸಿದೆ, ತಲೆ ಎತ್ತದೆ. ಮೇಡಂ ಪ್ರತಿಸಲ ಹೊಸ ಹಾಳೆ ತೆಗೆಯುತ್ತಿದ್ದರು. ಎರಡು, ನಾಲ್ಕು, ಒಮ್ಮೆ ಮತ್ತೆ ಎರಡು. ಅಂಕಿ ಇಳಿದಾಗಲೂ ಅವರ ಮುಖ ಬಾಡಿದ್ದನ್ನು ನಾನು ಕಾಣೆ.

ಒಂದು ಬೆಳಗ್ಗೆ ಹಳೆಯ ಗಿರಾಕಿಯೊಬ್ಬ ಬಂಗಾಳಿಯಲ್ಲಿ ಕೂಗಿದ: "ದಾದಾ, ಇಷ್ಟು ದಿನ ಎಲ್ಲಿ ಮಾಯವಾಗಿದ್ರಿ?" ಸಾಲಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ಹೆಂಡತಿ, "ಊರಿಗೆ ಹೋಗಿದ್ರು..." ಎಂದು ಶುರುಮಾಡಿದಳು.

"ಇಲ್ಲ, ತಲೆ ಕೆಟ್ಟಿತ್ತು. ಔಷಧಿ ತಗೋತಿದೀನಿ," ಎಂದೆ ನಾನೇ.

"ಈಗ ಪರವಾಗಿಲ್ವಾ?"

"ಪರವಾಗಿಲ್ಲ."

"ಹಾಗಾದ್ರೆ ಚಟ್ನಿ ಹಾಕಿ, ಆಫೀಸಿಗೆ ಹೊತ್ತಾಯ್ತು."

ಅಷ್ಟೇ. ಅಷ್ಟಕ್ಕೆ ನಾನು ಎಂಟು ತಿಂಗಳು ಹೆದರಿ ಕೂತಿದ್ದೆ.

ಮೇಡಂ ತೀರಿಕೊಂಡು ಮೂರು ವರ್ಷವಾಯಿತು. ಶ್ರದ್ಧಾಂಜಲಿಯ ದಿನ ಅವರ ಮನೆಯಲ್ಲಿ ಸೇರಿದವರು ಬ್ಯಾಂಕಿನ ದೊಡ್ಡ ದೊಡ್ಡವರು. ನನಗೆ ಒಬ್ಬರ ಗುರುತೂ ಇಲ್ಲ. ಮಗಳು ಅಳುತ್ತಲೇ, "ಅಮ್ಮನ ಬಗ್ಗೆ ಯಾರಾದ್ರೂ ಸ್ವಲ್ಪ ಮಾತಾಡ್ತೀರಾ, ಪ್ಲೀಸ್?" ಎಂದಳು. ಎಲ್ಲರೂ ನೆಲ ನೋಡಿದರು. ಈಗ ಎಷ್ಟು ಎಂದು ನನ್ನನ್ನೇ ಕೇಳಿಕೊಂಡೆ: ಒಂದು. ಆ ಒಂದನ್ನೇ ಹಿಡಿದು ಮಾತಾಡಲು ಎದ್ದು ನಿಂತೆ.