ತಮ್ಮನ ಬೆನ್ನ ಮೇಲಿಟ್ಟ ಕಾಲು

ನಾನು ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗೆ ಬಂದಿತ್ತಂತೆ. ಹಾಗೆ ಹುಟ್ಟಿದವರನ್ನು ನಮ್ಮ ಕಡೆ ಮರಾಠಿ ಮಾತಿನಲ್ಲಿ ಪಾಯಾಳು ಎನ್ನುತ್ತಾರೆ. ಸೊಂಟ ಹಿಡಿದವರ ಬೆನ್ನಿಗೆ ಪಾಯಾಳು ಕಾಲಿಟ್ಟರೆ ನೋವು ಬಿಡುತ್ತದೆಂದು ನಂಬಿಕೆ. ಭಾನುವಾರ ಬೆಳಿಗ್ಗೆ ನಮ್ಮೂರು ಕೊಗನೊಳ್ಳಿಯ ಸುತ್ತಲಿನ ಜನ ನಮ್ಮ ಮನೆಗೆ ಬಂದು ಹೊಸ್ತಿಲ ಮೇಲೆ ಬೋರಲು ಮಲಗುತ್ತಿದ್ದರು. ನಾನು ಎಡಗಾಲಿನಿಂದ ಬೆನ್ನು ಒತ್ತುತ್ತಿದ್ದೆ. ವಾರದ ಉಳಿದ ದಿನಗಳಲ್ಲಿ ಯಾರೂ ಕೊಡದ ಮರ್ಯಾದೆ ನನಗೆ ಆಗ ಸಿಗುತ್ತಿತ್ತು. ಅನೇಕರು ನೆಟ್ಟಗೆ ಎದ್ದು ಹೋದದ್ದೂ ನಿಜ. ಆದರೆ ತಾನಾಗಿಯೇ ಬಿಡುವ ಉಳುಕು ಯಾವುದು, ಬಿಡದ್ದು ಯಾವುದು ಎಂದು ನನಗೆ ತಿಳಿದಿರಲಿಲ್ಲ. ತಿಳಿಯುವ ಮನಸ್ಸೂ ಇರಲಿಲ್ಲ.

2010 ದಾಟಿದ ಮೇಲಿನ ಮಾತು. ನನ್ನ ತಮ್ಮ ಬಾವಿಯಿಂದ ಮೋಟರು ಎತ್ತುವಾಗ ಅವನ ಸೊಂಟದಲ್ಲಿ ಏನೋ ಕಳಕ್ ಎಂದಿತು. ನೋವು ಬಲಗಾಲಿನ ಮೀನಖಂಡದವರೆಗೆ ಇಳಿಯಿತು. ಅವನ ಹೆಂಡತಿ ನನ್ನನ್ನು ಕೇಳದೆಯೇ ಅವನನ್ನು ಕೊಲ್ಹಾಪುರಕ್ಕೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದಳು. ಬೆನ್ನಿನ ಮಣಿಗಳ ನಡುವಿನ ಗಾದಿ ಹೊರಗೆ ಸರಿದು ನರವನ್ನು ಒತ್ತುತ್ತಿದೆ ಎಂದು ಅಲ್ಲಿಯ ಡಾಕ್ಟರರು ಅಂದರಂತೆ. ಆಪರೇಷನ್ ಈಗಲೇ ಬೇಡ, ಯಂತ್ರದ ಮೇಲೆ ಬೆನ್ನು ಎಳೆಸಿ ನೋಡೋಣ ಎಂದು ನಿಪ್ಪಾಣಿಯ ಒಂದು ದವಾಖಾನೆಗೆ ಬರೆದುಕೊಟ್ಟರು.

ಅಲ್ಲಿ ಎರಡು ಭಾಗದ ಮಂಚವಿತ್ತು. ಎದೆಗೊಂದು, ಸೊಂಟಕ್ಕೊಂದು ಪಟ್ಟಿ ಕಟ್ಟಿದರೆ ಯಂತ್ರ ಸೊಂಟವನ್ನು ನಿಧಾನವಾಗಿ ಕೆಳಗೆ ಎಳೆಯುತ್ತದೆ, ಸ್ವಲ್ಪ ಹೊತ್ತು ಹಿಡಿಯುತ್ತದೆ, ಸಡಿಲ ಬಿಡುತ್ತದೆ, ಮತ್ತೆ ಎಳೆಯುತ್ತದೆ. ಮಣಿಗಳ ನಡುವೆ ಜಾಗ ಬಿಟ್ಟು ನರದ ಮೇಲಿನ ಭಾರ ಇಳಿಯಲೆಂದು. ರೋಗಿಯ ಕೈಗೆ ಒಂದು ಗುಂಡಿ ಕೊಡುತ್ತಾರೆ, ಒತ್ತಿದರೆ ಎಲ್ಲ ನಿಲ್ಲುತ್ತದೆ. ಕೆಲವು ಸಲ ಹೋಗಿ ಬಂದಮೇಲೆ ತಮ್ಮ ರಾತ್ರಿ ನಿದ್ದೆ ಮಾಡತೊಡಗಿದ. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಚಹಾದ ಅಂಗಡಿಯಲ್ಲಿ ಒಬ್ಬ ಕೇಳಿಯೇಬಿಟ್ಟ. "ಏನ್ರಿ ಪಾಯಾಳು, ಮನ್ಯಾಗ ಇಂಥಾ ಕಾಲು ಇಟ್ಕೊಂಡು ತಮ್ಮ ನಿಪ್ಪಾಣಿ ಮಶೀನಿಗೆ ಯಾಕ ಹೊಂಟಾನ? ನಿಮ್ಮ ಕಾಲಿನ ಬ್ಯಾಟರಿ ಇಳದೈತೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುದಿನ ಭಾನುವಾರ. ಬಂದವರೆಲ್ಲ ಹೋದ ಮೇಲೆ, ತಮ್ಮನ ಹೆಂಡತಿ ಹೊಲಕ್ಕೆ ಹೋದದ್ದು ನೋಡಿ ಅವನನ್ನು ಕರೆದೆ.

"ಮಲಕೋ ಇಲ್ಲೆ."

"ಬ್ಯಾಡಣ್ಣಾ. ಯಾರೂ ಬೆನ್ನು ಮುಟ್ಟಬಾರದಂತ ದವಾಖಾನಿ ಮ್ಯಾಡಮ್ಮಾರು ಹೇಳ್ಯಾರ."

"ನಾ ಅಂದ್ರ ಯಾರೋ ಏನಲೇ?"

ಅವನು ಹೊಸ್ತಿಲ ಮೇಲೆ ಬೋರಲು ಮಲಗಿದ. ಬೇರೆಯವರಿಗೆ ಹಗುರವಾಗಿ ಒತ್ತುತ್ತಿದ್ದವನು ಅಂದು ಭಾರ ಬಿಟ್ಟೆ. ಅವನ ಬಾಯಿಂದ ಹೊರಟ ಸದ್ದು ನರಳಿದಂತಿರಲಿಲ್ಲ, ಬಿಕ್ಕಿದಂತಿತ್ತು. ಎದ್ದು ನಿಂತು ಗೋಡೆ ಹಿಡಿದುಕೊಂಡು, "ಹಗುರಾತಣ್ಣಾ" ಅಂದ. ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಸೋಮವಾರ ನಿಪ್ಪಾಣಿಗೆ ನಾನೇ ಅವನ ಜೊತೆ ಹೋದೆ. ಬಸ್ಸು ಇಳಿಯುವಾಗ ಅವನ ಬಲಪಾದ ಮೆಟ್ಟಿಲಿಗೆ ತಾಗಿ ಎಡವಿದ. "ಜೋಮು ಹಿಡದೈತಿ ಅಷ್ಟ," ಅಂದ. ದವಾಖಾನೆಯಲ್ಲಿ ಮಂಚ ನಡೆಸುವ ಹುಡುಗಿ ಪಟ್ಟಿ ಬಿಗಿಯುತ್ತ ಎಂದಿನಂತೆ ಕೇಳಿದಳು.

"ಭಾರ ಏನರ ಎತ್ತೀರೇನು? ಬಿದ್ದೀರೇನು? ಕಾಲಾಗ ಜೋಮು?"

ತಮ್ಮ ನನ್ನ ಮುಖ ನೋಡಿದ. "ಏನೂ ಇಲ್ರಿ."

ನಾನು ಗೋಡೆಯ ಕಡೆ ನೋಡಿದೆ. ಅವಳು ಗುಂಡಿಯನ್ನು ಅವನ ಕೈಗಿಟ್ಟು ಯಂತ್ರ ಚಾಲೂ ಮಾಡಿದಳು.

ಮಂಚದ ಕೆಳಭಾಗ ಸರಿಯತೊಡಗಿತು. ತಮ್ಮ ಕಣ್ಣು ಮುಚ್ಚಿ ಹಲ್ಲು ಕಚ್ಚಿದ. ನನ್ನ ದೃಷ್ಟಿ ಅವನ ಹೆಬ್ಬೆರಳ ಮೇಲೆಯೇ ಇತ್ತು. ಒತ್ತು, ಒತ್ತಲೇ ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ. ಅವನು ಒತ್ತಿದರೆ ಯಂತ್ರ ನಿಲ್ಲುತ್ತದೆ, ನಾನು ಬಾಯಿ ಬಿಡಬೇಕಾಗಿಲ್ಲ. ಈ ಬರಹದಲ್ಲಿ ನಾನು ಒಪ್ಪಿಕೊಳ್ಳಬೇಕಾದದ್ದು ಇದೇ. ತುಳಿದದ್ದು ಸಿಟ್ಟಿನಲ್ಲಿ, ಅಹಂಕಾರದಲ್ಲಿ. ಆದರೆ ಆ ಕೋಣೆಯಲ್ಲಿ ನಿಂತಾಗ ನನಗೆ ಸಿಟ್ಟಿರಲಿಲ್ಲ, ಎಚ್ಚರ ಪೂರಾ ಇತ್ತು. ಯಂತ್ರ ಸಡಿಲ ಬಿಟ್ಟಿತು. ಮತ್ತೆ ಎಳೆಯಿತು. ಅವನ ಹಣೆಯ ಬೆವರು ಕಿವಿಯೊಳಗೆ ಇಳಿಯಿತು. ಹೆಬ್ಬೆರಳು ಗುಂಡಿಯ ಪಕ್ಕದಲ್ಲೇ ಇತ್ತು, ಅಲುಗಲಿಲ್ಲ. ಒತ್ತಿದರೆ ಯಾಕೆಂದು ಕೇಳುತ್ತಾರೆ, ಅಣ್ಣನ ಹೆಸರು ಬರುತ್ತದೆ ಎಂದು ಅವನು ತಡೆದುಕೊಂಡಿದ್ದ. ಇದೂ ನನಗೆ ಗೊತ್ತಿತ್ತು.

ಮತ್ತೊಂದು ಎಳೆತಕ್ಕೆ ಅವನು ಉಸಿರೇ ಬಿಡಲಿಲ್ಲ.

"ನಿಂದರಸ್ರಿ!" ಎಂದೆ. "ನಾ ತುಳದೇನ್ರಿ. ನಿನ್ನೆ ಅವನ ಬೆನ್ನ ಮ್ಯಾಲೆ ಕಾಲಿಟ್ಟೇನಿ."

ಹುಡುಗಿ ಯಂತ್ರ ನಿಲ್ಲಿಸಿ ಪಟ್ಟಿ ಬಿಚ್ಚಿದಳು. "ಬಲಗಾಲಿನ ಹೆಬ್ಬೆಟ್ಟು ಮ್ಯಾಲೆ ಎತ್ರಿ" ಅಂದಳು. ತಮ್ಮ ಎತ್ತಲು ಹೋದ, ಬೆರಳು ಏಳಲಿಲ್ಲ. ಅವಳ ಮುಖ ಬಿಳಿಚಿತು. "ನರ ಭಾಳ ಒತ್ತಿದ್ರ ಮೂತ್ರನೂ ಕಟ್ಟತೈತಿ, ಹೋಗಾಕತ್ತೈತಿಲ್ಲೋ? ಖರೆ ಹೇಳ್ರಿ."

"ಹೋಗಾಕತ್ತೈತ್ರಿ."

ಅವಳು ನನ್ನ ಕಡೆ ತಿರುಗಿದಳು. "ಕಾಕಾ, ಪಟ್ಟಿ ಕಟ್ಟೋದ್ಕಿಂತ ಮೊದಲ ಹೇಳಬೇಕಿತ್ತಲ್ರಿ. ನಿಮ್ಮ ಎದುರಿಗೇ ಕೇಳಿದ್ನಲ್ರಿ!"

ತಡಮಾಡದೆ ಕೊಲ್ಹಾಪುರದ ಡಾಕ್ಟರರ ಹತ್ತಿರ ಕರೆದೊಯ್ಯಲು ಹೇಳಿದಳು. ಕೊಲ್ಹಾಪುರಕ್ಕೆ ಹೋಗುವ ಗಾಡಿಯಲ್ಲಿ ಅಡ್ಡ ಮಲಗಿದ್ದ ತಮ್ಮ, "ಯಾಕ ಹೇಳಿದ್ಯಣ್ಣಾ? ನಾ ತಡಕೊಂಡಿದ್ನಲ್ಲ," ಎಂದಷ್ಟೇ ಅಂದ.

ಆಪರೇಷನ್ ಆಯಿತು. ನೋವು ಹೋಯಿತು, ಆದರೆ ಬಲಪಾದ ಪೂರ್ತಿ ಏಳಲೇ ಇಲ್ಲ. ನನ್ನ ಕಾಲಿನಿಂದ ಆಯಿತೋ, ಮರುದಿನದ ಎಳೆತದಿಂದಲೋ, ರೋಗವೇ ಅಲ್ಲಿಗೆ ಬರುತ್ತಿತ್ತೋ ಹೇಳಲಾಗದು ಎಂದು ಡಾಕ್ಟರರು ಅಂದರು. ಆ ಮಾತಿನಲ್ಲಿ ಅಡಗಿಕೊಳ್ಳಲು ನಾನು ಬಹಳ ದಿನ ನೋಡಿದೆ.

ಒಂದು ವರ್ಷದ ನಂತರ ಮುಗಳಖೋಡದಿಂದ ಒಬ್ಬರು ಸೊಂಟ ಹಿಡಿದುಕೊಂಡು ಬಂದರು. ಅಂಗಳದಲ್ಲಿ ಕುಳಿತಿದ್ದ ತಮ್ಮನೇ ಅವರನ್ನು ಕರೆದು ಕೂಡಿಸಿದ. "ಬರ್ರಿ ಬರ್ರಿ. ಅಣ್ಣ ಒಳಗದಾನ."

"ನಾ ಬಿಟ್ಟೇನ್ರಿ," ಎಂದೆ ನಾನು. "ಡಾಕ್ಟರಿಗೆ ತೋರಸ್ರಿ."

"ದೂರಿಂದ ಬಂದಾರಣ್ಣಾ," ಎಂದ ತಮ್ಮ. "ನನ್ನ ಕಾಲು ನನ್ನ ಹಣೇಬರಹ. ನಿನ್ನ ಕಾಲಿನ ಗುಣ ಎಲ್ಲಿ ಹೊಕ್ಕೈತಿ?"

ಬಂದವರು ಇನ್ನೂ ಆಸೆಯಿಂದ ನೋಡುತ್ತಿದ್ದರು. ನಾನು ತಮ್ಮನ ಪಾದ ತೋರಿಸಿ, "ಇವನ ಬೆನ್ನೂ ನಾನೇ ತುಳದಿದ್ದೆ, ನೋಡ್ರಿ," ಎಂದುಬಿಟ್ಟೆ.

ತಮ್ಮನ ಮುಖ ಕಪ್ಪಿಟ್ಟಿತು. ವರ್ಷವಿಡೀ ಅವನು ಊರಿಗೆ ಹೇಳದೆ ಇಟ್ಟುಕೊಂಡದ್ದನ್ನು ನಾನು ಪರರ ಮುಂದೆ ಬಯಲು ಮಾಡಿದ್ದೆ. ಅವನು ಎದ್ದು ಒಳಗೆ ಹೋದ. ಬಲಗಾಲಿನ ಚಪ್ಪಲಿ ಅಂಗಳದಲ್ಲೇ ಕಳಚಿ ಬಿತ್ತು. ಅದು ಅವನಿಗೆ ಗೊತ್ತಾಗಲಿಲ್ಲ. ನಾನು ಅದನ್ನು ಎತ್ತಿಕೊಂಡು ಅವನ ಹಿಂದೆ ಹೋದೆ.