ಭಾರದ ಜಲಜನಕ

ಬೆಳಕು ಹರಿಯುವ ಮೊದಲು ಮಾಯ್ಕೆ ಪಾತ್ರೆ ತೊಳೆಯುವ ಯಂತ್ರ ಖಾಲಿ ಮಾಡಿದಳು, ಮಗಳ ಬ್ರೆಡ್ಡಿಗೆ ಬೆಣ್ಣೆ ಸವರಿ ಚಾಕೊಲೇಟ್ ಚೂರು ಉದುರಿಸಿದಳು, ಒಣಗದ ಕಾಲುಚೀಲಗಳನ್ನು ಹೀಟರಿನ ಮೇಲೆ ಹರಡಿದಳು, ಅತ್ತೆಯ ಹುಟ್ಟುಹಬ್ಬಕ್ಕೆಂದು ಸೇಬಿನ ಕೇಕನ್ನು ಓವನ್ನಿಗಿಟ್ಟು, ಅದು ಬೇಯುವಷ್ಟರಲ್ಲಿ ಗಂಡನ ಅಂಗಿಗೆ ಇಸ್ತ್ರಿ ಹಾಕಿದಳು. ಆಮೇಲೆ ಕಾಲುವೆಯ ಪಕ್ಕ ಸೈಕಲ್ ತುಳಿದು ಲೈಡನ್ನಿನ ಪ್ರಯೋಗಾಲಯಕ್ಕೆ ಬಂದಳು.

ಅಲ್ಲಿ ಬೇರೆಯೇ ಬಗೆಯ ಆರೈಕೆ. ದ್ರವ ಹೀಲಿಯಮ್ಮಿನ ಚಳಿಯಲ್ಲಿ ಪ್ಲಾಟಿನಮ್ ತಂತಿಯನ್ನು ಮೆಲ್ಲಗೆ ಬಗ್ಗಿಸಿ ಮುರಿಯಬೇಕು. ಎರಡು ತುದಿಗಳ ಸಂದಿಯಲ್ಲಿ ಜಲಜನಕದ ಒಂದೇ ಒಂದು ಅಣು ಬಂದು ಕೂರಬೇಕು. ಎಲೆಕ್ಟ್ರಾನುಗಳು ಅದರೊಳಗಿಂದ ನುಸುಳಿ ಆಚೆ ದಾಟುತ್ತವೆ. ವೋಲ್ಟೇಜು ಒಂದು ಮಟ್ಟ ಮುಟ್ಟಿದಾಗ, ದಾಟುವ ಎಲೆಕ್ಟ್ರಾನು ಅಣುವನ್ನು ನಡುಗಿಸಿ ಅಷ್ಟು ಶಕ್ತಿ ಕಳೆದುಕೊಳ್ಳುತ್ತದೆ; ಹರಿವು ತುಸು ತಗ್ಗುತ್ತದೆ. ಪರದೆಯ ಗೆರೆಯಲ್ಲಿ ಸಣ್ಣದೊಂದು ಮೆಟ್ಟಿಲು. ಮಾಯ್ಕೆಯ ಡಾಕ್ಟರೇಟು ನಿಂತಿದ್ದು ಆ ಮೆಟ್ಟಿಲ ಮೇಲೆ.

ಇವತ್ತು ಸಂಜೆಯ ಹೊತ್ತಿಗೆ ಅದು ಬಂದಿತ್ತು, ಅವಳು ಎಣಿಸಿದ ಜಾಗದಲ್ಲೇ. ಅದೇ ಅವಳಿಗೆ ಇರುಸುಮುರುಸು. ಬೇಕಾದ ಕಡೆಯೇ ಮೆಟ್ಟಿಲು ಕಾಣುವುದು ಈ ಕಸುಬಿನವರ ಹಳೆಯ ರೋಗ. ತಂತಿಯ ತುದಿ ಸುಮ್ಮನೆ ಮಿಸುಕಿದರೂ ಅಂಥದ್ದೇ ಗೆರೆ ಮೂಡುತ್ತದೆ. ಜಲಜನಕದ್ದೇ ಇಮ್ಮಡಿ ತೂಕದ ರೂಪವಾದ ಭಾರದ ಜಲಜನಕವನ್ನು ಒಳಗೆ ಹರಿಯಬಿಟ್ಟು ನೋಡಿದರೆ ನಿಜ ಗೊತ್ತಾಗುತ್ತದೆ. ಭಾರದ ಅಣು ನಿಧಾನವಾಗಿ ನಡುಗುತ್ತದೆ, ಮೆಟ್ಟಿಲು ಇನ್ನೂ ಕಡಿಮೆ ವೋಲ್ಟೇಜಿನಲ್ಲೇ ಬರಬೇಕು. ಜಾಗ ಬದಲಿಸದಿದ್ದರೆ ಅದು ಅಣುವಿನದಲ್ಲ. ಆಗ ಪ್ರಬಂಧದ ಮುಖ್ಯ ಅಧ್ಯಾಯವೇ ಹೋಯಿತು.

"ಚೆನ್ನಾಗಿ ಬಂದಿದೆಯಲ್ಲ, ಇದನ್ನೇ ಹಾಕು," ಅಂದ ಪಕ್ಕದ ಮೇಜಿನ ರುಟ್ಗರ್, ಕೋಟು ತೊಡುತ್ತ. "ಸಿಕ್ಕಿದ್ದನ್ನ ಯಾಕೆ ಕೆದಕ್ತೀಯಾ?"

"ನೀನಾಗಿದ್ರೆ ಕೆದಕ್ತಿರ್ಲಿಲ್ವಾ?"

"ನಾನಾಗಿದ್ರೆ ಬೆಳಗಿನವರೆಗೂ ಕೂರ್ತಿದ್ದೆ. ನಿಂಗೆ ಮನೆ ಇದೆಯಲ್ಲಮ್ಮ."

"ನಿಂಗಿಲ್ವಾ? ಮಕ್ಕಳನ್ನ ಬೀದೀಲಿ ಮಲಗಿಸ್ತೀಯಾ?"

ಅವನು ನಕ್ಕು ಹೊರಟ. ಅಷ್ಟರಲ್ಲಿ ಗಂಡ ಯೋಸ್ಟನ ಫೋನು.

"ಎಲ್ಲರೂ ಸುತ್ತ ಕುರ್ಚಿ ಹಾಕ್ಕೊಂಡು ಕೂತಿದಾರೆ ಕಣೆ. ಕೇಕ್ ಯಾರು ಕೊಯ್ಯೋದು?"

"ಚಾಕು ಡ್ರಾಯರಲ್ಲಿದೆ."

"ಅಮ್ಮ ನಿನ್ನ ಕೇಳ್ತಿದಾರೆ. ಆ ಅಣು ನಾಳೆ ತನಕ ಎಲ್ಲಿಗೆ ಓಡಿಹೋಗುತ್ತೆ?"

"ಓಡೇ ಹೋಗುತ್ತೆ. ಹೀಲಿಯಂ ಇವತ್ತಿಗಷ್ಟೇ ಇರೋದು. ಮತ್ತೆ ಸಿಗೋಷ್ಟರಲ್ಲಿ ಪ್ರಬಂಧ ಒಪ್ಪಿಸೋ ದಿನ ಕಳೆದಿರುತ್ತೆ."

"ಹಾಗಾದ್ರೆ ಸಿಕ್ಕಿರೋದನ್ನ ಎತ್ತಿಟ್ಟು ಬಾ."

ಫೋನಿಟ್ಟ ಮೇಲೆ ಕೋಣೆಯಲ್ಲಿ ಪಂಪಿನ ಸದ್ದಷ್ಟೇ ಉಳಿಯಿತು. ಈ ಗೆರೆಯನ್ನು ಹೀಗೇ ಒಪ್ಪಿಸಿದರೆ ಬೇಡ ಅನ್ನುವವರು ಯಾರೂ ಇರಲಿಲ್ಲ. ಮನೆಯಲ್ಲೂ ಎಲ್ಲರಿಗೂ ನೆಮ್ಮದಿ.

ಮಾಯ್ಕೆ ಒಳಗಿನ ಜಲಜನಕವನ್ನು ಹೊರಹಾಕಲು ತಂತಿಗೆ ಕಾವು ಕೊಟ್ಟಳು. ಪರದೆಯ ಗೆರೆ ನಡುಗಿ ಕುಸಿಯಿತು. ಆ ಅಣು ಇನ್ನು ಸಿಗುವುದಿಲ್ಲ. ಹಳೆಯ ಅನಿಲ ಪೂರ್ತಿ ಹೊರಹೋಗಿ ತಂತಿ ಮತ್ತೆ ತಣ್ಣಗಾಗುವ ತನಕ ಕಾದು, ಅವಳು ಭಾರದ ಜಲಜನಕದ ಸಿಲಿಂಡರಿನ ತಿರುಪನ್ನು ಬಿಚ್ಚಿದಳು.